ಚಂದ್ರನ ಕಲೆಗಳು: ಆಕಾಶ ಮೊದಲು, ಚೆಂಡು ಆಮೇಲೆ, ಪುಸ್ತಕದ ಚಿತ್ರ ಕೊನೆಗೆ

ಚಂದ್ರ ಒಂದು ದಿನ ಗೆರೆಯಷ್ಟು, ಇನ್ನೊಂದು ದಿನ ಅರ್ಧ, ಮತ್ತೊಂದು ದಿನ ಪೂರ್ತಿ ಕಾಣುತ್ತಾನೆ. ದಿನದಿನಕ್ಕೆ ಬದಲಾಗುವ ಈ ಆಕಾರಗಳಿಗೇ ಚಂದ್ರನ ಕಲೆಗಳು ಅನ್ನುವುದು. ಯಾಕೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಭೂಮಿಯ ನೆರಳು ಬೀಳುತ್ತದೆ." ಐದನೇ ತರಗತಿಯ ಹುಡುಗಿಯೂ ಹೀಗೇ ಹೇಳುತ್ತಾಳೆ, ಡಿಗ್ರಿ ಮುಗಿಸಿ ಪಾಠ ಮಾಡುವವರೂ ಹೀಗೇ ಹೇಳುತ್ತಾರೆ. ಈ ಉತ್ತರ ತಪ್ಪು. ಸರಿಯಾದದ್ದನ್ನು ಬಿಡಿಸಿ ಹೇಳಿದರೆ ಹೌದು ಹೌದು ಅಂತ ತಲೆ ಆಡಿಸುತ್ತಾರೆ. ವಾರ ಬಿಟ್ಟು ಕೇಳಿ ನೋಡಿ, ಮತ್ತೆ ನೆರಳೇ ಬರುತ್ತದೆ.

ಕಲಿಯುವವರ ಬುದ್ಧಿಯಲ್ಲಿ ಏನೂ ಕೊರತೆ ಇಲ್ಲ. ಕಲಿಸುವ ಕ್ರಮ ತಲೆಕೆಳಗಾಗಿದೆ. ಎಲ್ಲರೂ ಪುಸ್ತಕದ ಚಿತ್ರದಿಂದ ಶುರು ಮಾಡುತ್ತಾರೆ: ನಡುವೆ ಭೂಮಿ, ಸುತ್ತ ಎಂಟು ಚಂದ್ರ, ಒಂದು ಬದಿಗೆ ಸೂರ್ಯನ ಕಿರಣ. ಆ ಚಿತ್ರ ಭೂಮಿಯಿಂದ ಬಲು ದೂರ, ಮೇಲಿನಿಂದ ನೋಡಿದಂತೆ ಬರೆದದ್ದು. ನಾವು ನಿಂತಿರುವುದು ಮನೆಯ ಮಾಳಿಗೆ ಮೇಲೆ. ಎರಡು ನೋಟಗಳೂ ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ತಲೆ ಸುಲಭದ ಉತ್ತರ ಹುಡುಕಿಕೊಳ್ಳುತ್ತದೆ.

ಈ ಮಾರ್ಗದರ್ಶಿಯಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ದಯವಿಟ್ಟು ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಅದರಲ್ಲೂ ನಾಲ್ಕನೇ ಹಂತವನ್ನು ಬಿಡಲೇಬೇಡಿ.

## ಏನೇನು ಬೇಕು

ಬಿಳಿಯ ಅಥವಾ ತಿಳಿ ಬಣ್ಣದ ಚೆಂಡು ಒಂದು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಮಿರಮಿರ ಹೊಳೆಯುವ ಪ್ಲಾಸ್ಟಿಕ್ ಚೆಂಡು ಬೇಡ, ಅದರ ಮೇಲೆ ಬೆಳಕಿನ ಚುಕ್ಕೆ ಬಿದ್ದು ಕಣ್ಣಿಗೆ ಮೋಸ ಆಗುತ್ತದೆ. ಹೊಳೆಯುವ ಚೆಂಡೇ ಸಿಕ್ಕರೆ ಸುಣ್ಣ ಬಳಿದು ಒಣಗಿಸಿ. ಚೆಂಡಿಗೆ ಚುಚ್ಚಲು ಒಂದು ಪೆನ್ಸಿಲ್ ಅಥವಾ ಬಿದಿರಿನ ಕಡ್ಡಿ. ಮುಚ್ಚಳ, ಗೂಡು ಏನೂ ಇಲ್ಲದ ಬಲ್ಬ್ ಒಂದು, ವೈರ್ ಹಾಕಿದ ಹೋಲ್ಡರ್. ಒಂದು ನಿಂಬೆಹಣ್ಣು, ನೆನೆಸಿದ ಕಾಬೂಲಿ ಕಡಲೆಕಾಳು ಒಂದು, ಅಳತೆ ಟೇಪು. ಗೋಡೆಗೆ ತೂಗುಹಾಕುವ, ತಿಥಿ ಬರೆದಿರುವ ಕ್ಯಾಲೆಂಡರ್. ಒಂದು ನೋಟ್‌ಬುಕ್.

ದೂರದರ್ಶಕ ಬೇಡ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

## ಹಂತ 1: ಚಂದ್ರ ಅಂದರೆ ಏನು, ಅಷ್ಟು ಮಾತ್ರ ತಿಳಿದುಕೊಳ್ಳಿ

ಗ್ರಹವೊಂದನ್ನು ಸುತ್ತುತ್ತಿರುವ, ಮನುಷ್ಯರು ಮಾಡಿ ಬಿಟ್ಟದ್ದಲ್ಲದ ಕಾಯಕ್ಕೆ ಉಪಗ್ರಹ ಅನ್ನುತ್ತೇವೆ. ನಮ್ಮ ಭೂಮಿಗೆ ಅಂಥದ್ದು ಒಂದೇ, ಅದೇ ಚಂದ್ರ. ಬುಧ, ಶುಕ್ರರಿಗೆ ಒಂದೂ ಇಲ್ಲ. ಮಂಗಳನಿಗೆ ಎರಡು, ಎರಡೂ ತೀರಾ ಸಣ್ಣವು. ಗುರುವಿಗೆ ಬಹಳ ಇವೆ. ಅವುಗಳಲ್ಲಿ ದೊಡ್ಡ ನಾಲ್ಕು ಬೈನಾಕ್ಯುಲರ್‌ಗೂ ಚುಕ್ಕೆಗಳಾಗಿ ಸಿಗುತ್ತವೆ.

ಚಂದ್ರ ಒಂದು ಕಲ್ಲಿನ ಗುಂಡು. ಅಡ್ಡಳತೆ 3,474 ಕಿ.ಮೀ. ಭೂಮಿಯದು 12,742 ಕಿ.ಮೀ., ಅಂದರೆ ಚಂದ್ರ ಭೂಮಿಯ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅವನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದು ಚದುರಿದ್ದು ನಮಗೆ ಕಾಣುತ್ತದೆ. ಅದೂ ಬಿದ್ದ ಬೆಳಕಿನ ಎಂಟನೇ ಒಂದು ಭಾಗದಷ್ಟು ಮಾತ್ರ. ಚಂದ್ರನ ನೆಲ ನಿಜಕ್ಕೂ ಮಬ್ಬು ಬಣ್ಣದ್ದು. ಸುತ್ತಲಿನ ಆಕಾಶ ಕಪ್ಪಗಿರುವುದರಿಂದ ಬೆಳ್ಳಗೆ ಕಾಣುತ್ತಾನೆ.

ಇಲ್ಲಿಂದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗುಂಡಗಿನ ವಸ್ತುವಿನ ಮೇಲೆ ಒಂದೇ ಕಡೆಯಿಂದ ಬೆಳಕು ಬಿದ್ದರೆ ಅದರ ಅರ್ಧ ಬೆಳಗಿರುತ್ತದೆ, ಅರ್ಧ ಕತ್ತಲಾಗಿರುತ್ತದೆ. ಚಂದ್ರನೂ ಹಾಗೇ. ಗ್ರಹಣದ ಹೊತ್ತು ಬಿಟ್ಟರೆ ಸದಾ ಅರ್ಧ ಬೆಳಗಿರುತ್ತಾನೆ. ಅಮಾಸಿ ದಿನವೂ ಅರ್ಧ, ಹುಣ್ಣಿಮೆ ದಿನವೂ ಅರ್ಧ. ಬೆಳಗಿದ ಆ ಅರ್ಧದಲ್ಲಿ ನಮ್ಮ ಕಡೆಗೆ ತಿರುಗಿರುವುದು ಎಷ್ಟು ಅನ್ನುವುದೊಂದೇ ದಿನದಿನಕ್ಕೆ ಬದಲಾಗುತ್ತದೆ.

ಓದಿದರೆ ಇದು ಸುಲಭ ಅನ್ನಿಸುತ್ತದೆ. ಕಣ್ಣಿಗೆ ಕಾಣುವವರೆಗೆ ನಂಬಿಕೆ ಬರುವುದಿಲ್ಲ. ಅದಕ್ಕೇ ಮುಂದಿನ ಹಂತಗಳು.

## ಹಂತ 2: ದೂರವನ್ನು ನೆಲದ ಮೇಲೆ ಅಳೆಯಿರಿ

ನೆರಳಿನ ಉತ್ತರ ಬೇರು ಬಿಡುವುದು ಇಲ್ಲೇ. ಪುಸ್ತಕದ ಪುಟದಲ್ಲಿ ಭೂಮಿ, ಚಂದ್ರ ಎರಡೂ ಅಕ್ಕಪಕ್ಕ ಇರುತ್ತವೆ. ಅಷ್ಟು ಹತ್ತಿರ ಇದ್ದರೆ ನೆರಳು ಬೀಳದೇ ಇರುತ್ತದಾ ಅಂತ ಯಾರಿಗಾದರೂ ಅನ್ನಿಸುತ್ತದೆ.

ಸುಮಾರು 4 ಸೆಂ.ಮೀ. ಅಡ್ಡಳತೆಯ ನಿಂಬೆಹಣ್ಣನ್ನು ಭೂಮಿ ಅಂತ ನೆಲದ ಮೇಲಿಡಿ. ನೆನೆಸಿದ ಕಾಬೂಲಿ ಕಡಲೆ 1 ಸೆಂ.ಮೀ.ಗೆ ತುಸು ಜಾಸ್ತಿ ಇರುತ್ತದೆ, ಅದು ಚಂದ್ರ. ಈಗ ಕಾಳನ್ನು ಎಷ್ಟು ದೂರ ಇಡಬೇಕು? ಮನೆಯವರನ್ನೆಲ್ಲ ಕೇಳಿ ನೋಡಿ. ಬಹಳ ಮಂದಿ ಒಂದು ಗೇಣಿನೊಳಗೇ ಇಡುತ್ತಾರೆ. ಸರಿಯಾದ ದೂರ 120 ಸೆಂ.ಮೀ. ನಿಜವಾದ ದೂರ ಸರಾಸರಿ 3,84,400 ಕಿ.ಮೀ., ಅಂದರೆ ಮೂವತ್ತು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು.

ಇದೇ ಅಳತೆಯಲ್ಲಿ ಸೂರ್ಯ 4.4 ಮೀಟರ್ ಅಗಲದ ಗುಂಡು, ಅದು ಇರುವುದು ಸುಮಾರು 470 ಮೀಟರ್ ಆಚೆ. ಓಣಿ ದಾಟಿ, ಮುಖ್ಯ ರಸ್ತೆ ದಾಟಿ ಎಲ್ಲೋ ಇದೆ ಅಂತ ಇಟ್ಟುಕೊಳ್ಳಿ.

ಈಗ ಯೋಚಿಸಿ. ನಿಂಬೆಹಣ್ಣಿನ ನೆರಳು ಸೂರ್ಯನಿಗೆ ನೇರ ವಿರುದ್ಧ ದಿಕ್ಕಿಗೆ ಮಾತ್ರ ಬೀಳುತ್ತದೆ. ಕಾಳು ಬದಿಯಲ್ಲಿದ್ದಾಗ, ಸೂರ್ಯನ ಕಡೆಗಿದ್ದಾಗ ಆ ನೆರಳು ಅದಕ್ಕೆ ಹೇಗೆ ತಾಗಬೇಕು? ತಾಗಲು ದಾರಿಯೇ ಇಲ್ಲ. ಗೆರೆ ಚಂದ್ರ ಕಾಣುವ ದಿನಗಳಲ್ಲಿ ಅವನು ಸೂರ್ಯನ ಕಡೆಗೇ ಇರುತ್ತಾನೆ. ನಿಂಬೆ ಮತ್ತು ಕಾಳನ್ನು ಎಸೆಯಬೇಡಿ, ಎಂಟನೇ ಹಂತಕ್ಕೆ ಮತ್ತೆ ಬೇಕು.

## ಹಂತ 3: ಒಂದು ಪಕ್ಷ ಪೂರ್ತಿ ಆಕಾಶ ನೋಡಿ, ಬರೆದುಕೊಳ್ಳಿ

ಯಾವಾಗ ಶುರು ಮಾಡಬೇಕು ಅನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಮಳೆಗಾಲದಲ್ಲಿ ಶುರು ಮಾಡಿದರೆ ಮೋಡ ಅರ್ಧಕ್ಕೇ ನಿಲ್ಲಿಸುತ್ತದೆ. ಧಾರವಾಡ, ಹಾನಗಲ್, ಶಿಗ್ಗಾಂವಿ ಕಡೆಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸತತ ನಾಲ್ಕು ದಿನ ಚಂದ್ರ ಸಿಕ್ಕರೆ ಪುಣ್ಯ. ನನ್ನ ಪ್ರಕಾರ ಅತಿ ಒಳ್ಳೆಯ ಕಾಲ ದೀಪಾವಳಿ ಅಮಾಸಿಯಿಂದ ಗೌರಿ ಹುಣ್ಣಿಮೆವರೆಗೆ. ಆಕಾಶ ತೊಳೆದಂತಿರುತ್ತದೆ, ಸಂಜೆಗಳು ತಂಪಾಗಿರುತ್ತವೆ, ಮಕ್ಕಳಿಗೆ ದಿನ ಲೆಕ್ಕ ಇಡಲು ಹಬ್ಬಗಳೇ ಗುರುತು. ಆ ಹದಿನೈದು ದಿನ ತಪ್ಪಿದರೆ ಶಿವರಾತ್ರಿವರೆಗಿನ ಯಾವ ಶುಕ್ಲ ಪಕ್ಷವಾದರೂ ಆದೀತು.

ಜಾಗ: ಪಶ್ಚಿಮದ ಅಂಚು ತೆರೆದಿರಬೇಕು. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ದಂಡೆ ಅಥವಾ ನೃಪತುಂಗ ಬೆಟ್ಟ, ಧಾರವಾಡದವರಿಗೆ ಕೆಲಗೇರಿ ಕೆರೆ, ಹಾವೇರಿಯವರಿಗೆ ಹೆಗ್ಗೇರಿ ಕೆರೆ. ಗದಗ, ರೋಣ, ನವಲಗುಂದದ ಕಡೆಯವರಿಗೆ ಊರು ದಾಟಿದರೆ ಎರೆ ಹೊಲ, ಅಡ್ಡಿಯೇ ಇಲ್ಲ. ಮೊದಲ ಮೂರ್ನಾಲ್ಕು ದಿನಕ್ಕೆ ಮಾತ್ರ ಇಂಥ ಜಾಗ ಬೇಕು. ಆಮೇಲೆ ಮನೆ ಮಾಳಿಗೆ ಸಾಕು.

ದಿನಾ ಒಂದೇ ಹೊತ್ತಿಗೆ, ಸೂರ್ಯ ಮುಳುಗಿ ಸುಮಾರು ಅರ್ಧ ಗಂಟೆಗೆ, ಒಂದೇ ಜಾಗದಲ್ಲಿ ನಿಲ್ಲಿ. ನಾಲ್ಕು ಸಂಗತಿ ಬರೆದುಕೊಳ್ಳಿ: ತಿಥಿ, ಚಂದ್ರನ ಆಕಾರದ ಸಣ್ಣ ಚಿತ್ರ, ಅವನು ಯಾವ ದಿಕ್ಕಿನಲ್ಲಿದ್ದ, ಸೂರ್ಯ ಮುಳುಗಿದ ಜಾಗದಿಂದ ಎಷ್ಟು ಮುಷ್ಟಿ ದೂರ. ಮುಷ್ಟಿ ಅಳತೆ ಹೀಗೆ: ಕೈ ಪೂರ್ತಿ ಚಾಚಿ, ಮುಷ್ಟಿ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಮಕ್ಕಳ ಕೈ ಸಣ್ಣದಾದರೂ ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಸರಿಯಾಗೇ ಬರುತ್ತದೆ.

ಕೆಲವು ದಿನ ಕಳೆದ ಮೇಲೆ ನೋಟ್‌ಬುಕ್ಕೇ ಮಾತಾಡುತ್ತದೆ. ಚಂದ್ರ ದಿನಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 12 ಡಿಗ್ರಿ, ಸೂರ್ಯನಿಂದ ಪೂರ್ವಕ್ಕೆ ಸರಿಯುತ್ತಾನೆ. ದೂರ ಹೋದಷ್ಟೂ ದಪ್ಪ ಆಗುತ್ತಾನೆ. ಈ ಎರಡು ಒಟ್ಟೊಟ್ಟಿಗೆ ನಡೆಯುತ್ತವೆ ಅನ್ನುವುದನ್ನು ಮಗು ತಾನೇ ಹೇಳುವವರೆಗೆ ನೀವು ಬಾಯಿ ಬಿಡಬೇಡಿ.

ಆ 12 ಡಿಗ್ರಿಯೇ ಒಂದು ತಿಥಿ. ಸೂರ್ಯನಿಗೂ ಚಂದ್ರನಿಗೂ ಇರುವ ಅಂತರ 12 ಡಿಗ್ರಿ ಹೆಚ್ಚಿದಾಗಲೆಲ್ಲ ತಿಥಿ ಬದಲಾಗುತ್ತದೆ. ಮೂವತ್ತು ತಿಥಿಗೆ 360 ಡಿಗ್ರಿ, ಒಂದು ಸುತ್ತು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರನ ಕಲೆ ದಿನಾ ಅಚ್ಚಾಗಿರುತ್ತದೆ, ನಾವು ಓದುವುದಿಲ್ಲ ಅಷ್ಟೇ.

ಎಚ್ಚರಿಕೆ: ಪಾಡ್ಯದ ದಿನ ಚಂದ್ರ ಸಿಗದಿದ್ದರೆ ಬೇಸರ ಬೇಡ. ಅಮಾಸಿ ಕಳೆದು ಒಂದು ದಿನವಾದರೂ ಆಗದಿದ್ದರೆ ಬರಿಗಣ್ಣಿಗೆ ಸಿಗುವುದು ಬಲು ಕಷ್ಟ. ರಂಜಾನ್ ಚಂದ್ರನಿಗೆ ಕಾಯುವವರಿಗೆ ಇದು ಚೆನ್ನಾಗಿ ಗೊತ್ತು. ಬಿದಿಗೆ ಅಥವಾ ತದಿಗೆಗೆ ಖಂಡಿತ ಸಿಗುತ್ತಾನೆ. ಇನ್ನೊಂದು, ಕ್ಯಾಲೆಂಡರಿನಲ್ಲಿ ಸೂರ್ಯೋದಯದ ಹೊತ್ತಿನ ತಿಥಿ ಬರೆದಿರುತ್ತಾರೆ. ಸಂಜೆಗೆ ಅದು ಮುಂದಿನ ತಿಥಿ ಆಗಿರಬಹುದು. ಒಂದು ತಿಥಿ ಆಚೀಚೆ ಆದರೆ ನಿಮ್ಮ ಲೆಕ್ಕ ಕೆಟ್ಟಿಲ್ಲ.

ಮತ್ತೆ, ಸೂರ್ಯ ಪೂರ್ತಿ ಮುಳುಗುವ ಮುಂಚೆ ಬೈನಾಕ್ಯುಲರ್ ಹಿಡಿದು ಗೆರೆ ಚಂದ್ರನನ್ನು ಹುಡುಕಬೇಡಿ. ಕೈ ಸ್ವಲ್ಪ ಜರುಗಿ ಸೂರ್ಯ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ. ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ಎರಡು ಸಲ ಹೇಳಿ.

## ಹಂತ 4: ಹಗಲಲ್ಲಿ ಚೆಂಡನ್ನು ಚಂದ್ರನ ಪಕ್ಕ ಹಿಡಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ನೆರಳಿನ ನಂಬಿಕೆ ಬುಡಸಮೇತ ಕಿತ್ತು ಬರುವುದು ಇಲ್ಲೇ.

ಶುಕ್ಲ ಪಕ್ಷದ ಸಪ್ತಮಿಯಿಂದ ದಶಮಿಯೊಳಗೆ ಒಂದು ಸಂಜೆ ಆರಿಸಿ. ನಾಲ್ಕೂವರೆ ಐದರ ಹೊತ್ತಿಗೆ ಸೂರ್ಯ ಇನ್ನೂ ಪಶ್ಚಿಮದಲ್ಲಿರುತ್ತಾನೆ, ಚಂದ್ರ ಪೂರ್ವ ಅಥವಾ ಆಗ್ನೇಯದಲ್ಲಿ ಬೆಳ್ಳಗೆ ಕಾಣುತ್ತಿರುತ್ತಾನೆ. ಹೌದು, ಹಗಲಲ್ಲೇ. ಚಂದ್ರ ರಾತ್ರಿಗೆ ಮಾತ್ರ ಬರುತ್ತಾನೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಅಮಾಸಿ, ಹುಣ್ಣಿಮೆ ಹತ್ತಿರದ ಕೆಲವು ದಿನ ಬಿಟ್ಟರೆ ಹಗಲಿನ ಯಾವುದೋ ಒಂದು ಹೊತ್ತಲ್ಲಿ ಅವನು ಸಿಗುತ್ತಾನೆ. ಶಾಲೆಯಲ್ಲಿ ಮಾಡಿಸುವವರಿಗೆ ಬೆಳಗಿನ ಹೊತ್ತು ಅನುಕೂಲ. ಅವರು ಕೃಷ್ಣ ಪಕ್ಷದ ಸಪ್ತಮಿ, ಅಷ್ಟಮಿ ಆರಿಸಿಕೊಂಡು ಪ್ರಾರ್ಥನೆ ಮುಗಿದ ಕೂಡಲೇ ಮೈದಾನದಲ್ಲೇ ಮಾಡಿಸಬಹುದು. ಆಗ ಚಂದ್ರ ಪಶ್ಚಿಮದ ಕಡೆ ಇರುತ್ತಾನೆ.

ಬಿಸಿಲಲ್ಲಿ ನಿಲ್ಲಿ. ಕಡ್ಡಿಗೆ ಚುಚ್ಚಿದ ಚೆಂಡನ್ನು ಕೈ ಚಾಚಿ ಎತ್ತಿ, ಚಂದ್ರನ ಪಕ್ಕಕ್ಕೇ ತನ್ನಿ. ಎರಡೂ ಒಂದೇ ನೋಟದಲ್ಲಿ ಬರಬೇಕು. ಈಗ ಚೆಂಡಿನ ಮೇಲೆ ಬಿಸಿಲು ಬಿದ್ದ ಭಾಗ ಎಷ್ಟಿದೆ ನೋಡಿ, ಚಂದ್ರ ಎಷ್ಟಿದ್ದಾನೆ ನೋಡಿ. ಎರಡೂ ಒಂದೇ ಆಕಾರ! ಚಂದ್ರ ಅರ್ಧ ಇದ್ದರೆ ಚೆಂಡೂ ಅರ್ಧ. ಚಂದ್ರ ಮುಕ್ಕಾಲು ಇದ್ದರೆ ಚೆಂಡೂ ಮುಕ್ಕಾಲು. ವಾಲಿರುವ ಕೋನವೂ ಅದೇ.

ಯಾಕೆ ಹೀಗೆ? ಸೂರ್ಯ ಬಹಳ ದೂರ ಇರುವುದರಿಂದ ನಿಮ್ಮ ಕೈಯ ಚೆಂಡಿಗೂ ಆಕಾಶದ ಚಂದ್ರನಿಗೂ ಬೆಳಕು ಹೆಚ್ಚು ಕಡಿಮೆ ಒಂದೇ ದಿಕ್ಕಿನಿಂದ ಬರುತ್ತದೆ. ಎರಡನ್ನೂ ನೀವು ಒಂದೇ ದಿಕ್ಕಿಗೆ ನೋಡುತ್ತಿದ್ದೀರಿ. ಅದಕ್ಕೇ ಎರಡರಲ್ಲೂ ಬೆಳಗಿದ ಭಾಗ ಅಷ್ಟೇ ಕಾಣುತ್ತದೆ.

ಈಗ ಪಕ್ಕದಲ್ಲಿರುವವರನ್ನು ಕೇಳಿ: ಚೆಂಡಿನ ಕತ್ತಲೆ ಭಾಗದ ಮೇಲೆ ಯಾರ ನೆರಳು ಬಿದ್ದಿದೆ? ಯಾರದ್ದೂ ಇಲ್ಲ. ಚೆಂಡು ಬಟ್ಟಬಯಲ ಬಿಸಿಲಲ್ಲಿದೆ. ಬೆಳಕಿಗೆ ಬೆನ್ನು ಮಾಡಿದ ಬದಿ ತಾನಾಗೇ ಕತ್ತಲಾಗಿದೆ, ಅಷ್ಟೇ. ಚಂದ್ರನದೂ ಅದೇ ಕಥೆ. ನೆರಳು ನೆರಳು ಅನ್ನುತ್ತಿದ್ದ ಮಕ್ಕಳು ಇಲ್ಲಿ ತಟ್ಟನೆ ಸುಮ್ಮನಾಗುತ್ತಾರೆ. ಆಮೇಲೆ ಅವರ ಬಾಯಲ್ಲಿ ಆ ಉತ್ತರ ಬರುವುದು ಬಹಳ ಕಡಿಮೆ.

ಕೆಡುವುದು ಎಲ್ಲಿ? ಚೆಂಡು ಗಿಡದ ನೆರಳಿಗೋ ಗೋಡೆಯ ನೆರಳಿಗೋ ಹೋಗಿರುತ್ತದೆ. ಇಲ್ಲವೇ ಚೆಂಡನ್ನು ಚಂದ್ರನಿಂದ ಎರಡು ಮೂರು ಮುಷ್ಟಿ ದೂರ ಹಿಡಿದಿರುತ್ತೀರಿ. ಆಕಾರ ಹೊಂದದಿದ್ದರೆ ಈ ಎರಡನ್ನೇ ಮೊದಲು ನೋಡಿ.

## ಹಂತ 5: ಕತ್ತಲೆ ಕೋಣೆಯಲ್ಲಿ ಬಲ್ಬ್ ಮತ್ತು ಚೆಂಡು

ಈ ಪ್ರಯೋಗ ಎಲ್ಲರಿಗೂ ಗೊತ್ತು, ಆದರೂ ಬಹಳ ಕಡೆ ಕೆಡುವುದು ಇದೇ. ಕೆಟ್ಟಾಗ ಅದು ನೆರಳಿನ ತಪ್ಪನ್ನೇ ಗಟ್ಟಿ ಮಾಡುತ್ತದೆ. ಹಾಗಾಗಿ ನಿಧಾನವಾಗಿ ಮಾಡಿ.

ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಒಂದೇ ಬಲ್ಬ್ ಇರಬೇಕು, ನಿಮ್ಮ ಕಣ್ಣಿನ ಎತ್ತರಕ್ಕೆ, ಕನಿಷ್ಠ ಎರಡು ಮೀಟರ್ ದೂರದಲ್ಲಿ. ಬಲ್ಬ್ ಸೂರ್ಯ, ಚೆಂಡು ಚಂದ್ರ, ನಿಮ್ಮ ತಲೆ ಭೂಮಿ. ಚೆಂಡನ್ನು ಕೈ ಚಾಚಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿಯಿರಿ.

ಬಲ್ಬಿಗೆ ಮುಖ ಮಾಡಿ ನಿಲ್ಲಿ. ಚೆಂಡು ಬಲ್ಬಿನ ಕಡೆ ಇದೆ. ನಿಮಗೆ ಕಾಣುವ ಬದಿ ಪೂರ್ತಿ ಕತ್ತಲು. ಇದು ಅಮಾಸಿ.

ಈಗ ಕೈ ಹಾಗೇ ಇಟ್ಟುಕೊಂಡು ಇಡೀ ಮೈಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿ. ಚೆಂಡಿನ ಬಲ ಅಂಚಿನಲ್ಲಿ ಬೆಳಕಿನ ಗೆರೆ ಬರುತ್ತದೆ. ಇದು ಬಿದಿಗೆ, ತದಿಗೆ. ಕಾಲು ಸುತ್ತು ತಿರುಗಿದಾಗ ಬಲ ಅರ್ಧ ಬೆಳಗುತ್ತದೆ, ಅದು ಶುಕ್ಲ ಅಷ್ಟಮಿ. ಇನ್ನೂ ತಿರುಗಿ, ಬಲ್ಬಿಗೆ ಬೆನ್ನು ಮಾಡಿದಾಗ ಚೆಂಡು ಪೂರ್ತಿ ಬೆಳಗಿದಂತೆ ಕಾಣುತ್ತದೆ, ಹುಣ್ಣಿಮೆ. ಮುಂದೆ ಹೋದಂತೆ ಬಲ ಬದಿಯಿಂದ ಕತ್ತಲು ಏರುತ್ತದೆ. ಮುಕ್ಕಾಲು ಸುತ್ತಿಗೆ ಎಡ ಅರ್ಧ ಮಾತ್ರ ಉಳಿಯುತ್ತದೆ, ಕೃಷ್ಣ ಅಷ್ಟಮಿ. ಕೊನೆಗೆ ಎಡ ಅಂಚಿನ ಗೆರೆ, ಮತ್ತೆ ಅಮಾಸಿ.

ಕೆಡುವ ಜಾಗ ಹುಣ್ಣಿಮೆ. ಚೆಂಡು ತಲೆಯ ಮಟ್ಟಕ್ಕೇ ಇದ್ದರೆ ನಿಮ್ಮ ತಲೆಯ ನೆರಳು ಅದರ ಮೇಲೆ ಬೀಳುತ್ತದೆ. "ನೋಡಿ, ಭೂಮಿ ನೆರಳು ಬಿತ್ತು!" ಅಂತ ಮಗು ಕೂಗುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಯಿತು. ಚೆಂಡನ್ನು ಮೇಲೆತ್ತಿ, ನೆರಳು ತಪ್ಪಿಸಿ. ತಲೆಯ ನೆರಳು ಬಿದ್ದರೆ ಅದು ಗ್ರಹಣ, ಕಲೆ ಅಲ್ಲ. ಅದಕ್ಕೆ ಬೇರೆ ಹಂತ ಇದೆ ಅಂತ ಹೇಳಿ ಮುಂದೆ ಹೋಗಿ.

ಎರಡನೇ ತಪ್ಪು, ಮೈ ತಿರುಗಿಸದೆ ಬೇರೆ ಯಾರೋ ಚೆಂಡು ಹಿಡಿದು ಸುತ್ತುವುದು, ಉಳಿದವರು ಗೋಡೆಗೆ ಒರಗಿ ನೋಡುವುದು. ಗೋಡೆ ಕಡೆ ನಿಂತವರಿಗೆ ಕಲೆಗಳು ಸರಿಯಾದ ಕ್ರಮದಲ್ಲಿ ಕಾಣುವುದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಚೆಂಡು ಹಿಡಿದು ತಾವೇ ತಿರುಗಬೇಕು. ನಲವತ್ತು ಮಕ್ಕಳಿದ್ದರೆ ನಲವತ್ತು ಸರದಿ. ಬೇರೆ ಉಪಾಯ ಇಲ್ಲ.

ಎಲ್ಲರ ಸರದಿ ಮುಗಿದ ಮೇಲೆ ಒಂದು ಕೆಲಸ ಮಾಡಿ. ಒಬ್ಬರು ಅಷ್ಟಮಿಯ ಜಾಗದಲ್ಲಿ ಚೆಂಡು ಹಿಡಿದು ನಿಲ್ಲಲಿ. ಇನ್ನೊಬ್ಬರು ಬಲ್ಬಿನ ಪಕ್ಕ ಹೋಗಿ ಅದೇ ಚೆಂಡನ್ನು ನೋಡಲಿ. ಹಿಡಿದವರಿಗೆ ಅರ್ಧ, ಬಲ್ಬಿನ ಪಕ್ಕದವರಿಗೆ ಹೆಚ್ಚು ಕಡಿಮೆ ಪೂರ್ತಿ. ಅದೇ ಚೆಂಡು, ಅದೇ ಹೊತ್ತು. ಚಂದ್ರನ ಆಕಾರ ಚಂದ್ರನಲ್ಲಿ ಇಲ್ಲ, ನಾವು ನಿಂತ ಜಾಗದಲ್ಲಿದೆ ಅನ್ನುವುದು ಆಗ ಮನಸ್ಸಿಗೆ ಇಳಿಯುತ್ತದೆ.

## ಹಂತ 6: ಕಲೆಯನ್ನು ಗಡಿಯಾರಕ್ಕೆ ಜೋಡಿಸಿ

ನಮ್ಮ ಕಡೆ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡೂವರೆಯ ಆಸುಪಾಸು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹುಬ್ಬಳ್ಳಿ ಇರುವುದು 75 ಡಿಗ್ರಿಯಲ್ಲಿ, ಅದಕ್ಕೆ ಈ ಅರ್ಧ ಗಂಟೆ.

ಅಮಾಸಿಯ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಅವತ್ತು ಚಂದ್ರ ಬರುವುದಿಲ್ಲ ಅನ್ನುವುದು ತಪ್ಪು. ಇಡೀ ದಿನ ತಲೆ ಮೇಲೆಯೇ ಇರುತ್ತಾನೆ, ಕಾಣುವುದಿಲ್ಲ ಅಷ್ಟೇ. ಶುಕ್ಲ ಅಷ್ಟಮಿಯವನು ಮಧ್ಯಾಹ್ನ ಹುಟ್ಟುತ್ತಾನೆ, ಸೂರ್ಯ ಮುಳುಗುವ ಹೊತ್ತಿಗೆ ಎತ್ತರದಲ್ಲಿರುತ್ತಾನೆ, ನಡುರಾತ್ರಿ ಮುಳುಗುತ್ತಾನೆ. ಹುಣ್ಣಿಮೆಯವನು ಸಂಜೆ ಹುಟ್ಟಿ ಬೆಳಗ್ಗೆ ಮುಳುಗುತ್ತಾನೆ. ಕೃಷ್ಣ ಅಷ್ಟಮಿಯವನು ನಡುರಾತ್ರಿ ಹುಟ್ಟುತ್ತಾನೆ. ಗೋಕುಲಾಷ್ಟಮಿ ದಿನ ನಡುರಾತ್ರಿ ಪೂಜೆಯ ಹೊತ್ತಿಗೆ ಹೊರಗೆ ಬಂದು ಪೂರ್ವಕ್ಕೆ ನೋಡಿ, ಮೋಡ ಬಿಟ್ಟುಕೊಟ್ಟರೆ ಅರ್ಧ ಚಂದ್ರ ಮೇಲೇಳುತ್ತಿರುತ್ತಾನೆ.

ಸಂಕಷ್ಟಿ ಮಾಡುವ ಮನೆಯವರಿಗೆ ಈ ಹಂತ ಅರ್ಧ ಗೊತ್ತಿರುವುದೇ. ಹುಣ್ಣಿಮೆಯಾಗಿ ನಾಲ್ಕನೇ ದಿನ, ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡ ಮಾಡುತ್ತ ಹೋಗಿ, ರಾತ್ರಿ ಒಂಬತ್ತರ ಸುತ್ತಮುತ್ತ ಹುಟ್ಟುತ್ತಾನೆ. ಕೆಲವು ತಿಂಗಳು ಎಂಟರ ಹತ್ತಿರ, ಕೆಲವು ತಿಂಗಳು ಹತ್ತರ ಹತ್ತಿರ. ಯಾಕೆಂದರೆ ಚಂದ್ರನ ದಾರಿ ನಮ್ಮ ದಿಗಂತಕ್ಕೆ ಎಲ್ಲ ತಿಂಗಳೂ ಒಂದೇ ಕೋನದಲ್ಲಿ ಇರುವುದಿಲ್ಲ, ಚೌತಿ ಶುರುವಾಗುವ ಹೊತ್ತೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮನೆಯಲ್ಲಿ ಅಜ್ಜಿಯೋ ಅವ್ವನೋ ಸಂಕಷ್ಟಿ ಹಿಡಿಯುವವರಿದ್ದರೆ ಅವರ ಜೊತೆ ಮಾಳಿಗೆಗೆ ಹೋಗಿ ಸಮಯ ಬರೆದುಕೊಳ್ಳಿ. ಆರು ತಿಂಗಳ ಸಂಕಷ್ಟಿಯ ಪಟ್ಟಿ ಯಾವ ಪಾಠಕ್ಕಿಂತಲೂ ಹೆಚ್ಚು ಕಲಿಸುತ್ತದೆ.

## ಹಂತ 7: ಈಗ ಪುಸ್ತಕದ ಚಿತ್ರ ತೆಗೆಯಿರಿ

ಎಂಟು ಚಂದ್ರರ ಚಿತ್ರ ಈಗ ಅರ್ಥವಾಗುತ್ತದೆ. ಒಳಗಿನ ಸುತ್ತಿನ ಚಂದ್ರರೆಲ್ಲ ಅರ್ಧ ಬೆಳಗಿರುತ್ತಾರೆ, ಅದು ಮೇಲಿನಿಂದ ನೋಡಿದ ನೋಟ. ಹೊರಗಿನ ಸುತ್ತಿನವು ಭೂಮಿಯಿಂದ ಕಾಣುವ ಆಕಾರ. ಬಲ್ಬಿನ ಪ್ರಯೋಗದಲ್ಲಿ ಎಲ್ಲಿ ನಿಂತಿದ್ದಿರಿ ಅಂತ ಬೆರಳಿಟ್ಟು ತೋರಿಸುತ್ತ ಹೋಗಿ.

ಎರಡು ಎಚ್ಚರಿಕೆ. ಚಿತ್ರದ ಅಳತೆ ಸುಳ್ಳು, ನಿಂಬೆಹಣ್ಣು ನೆನಪಿರಲಿ. ಎರಡನೆಯದು, ಹೊರಗಿನ ಪುಸ್ತಕಗಳಲ್ಲಿ ಗೆರೆ ಚಂದ್ರ ನೆಟ್ಟಗೆ ನಿಂತಿರುತ್ತಾನೆ, ಬೆಳಕು ಬಲಕ್ಕೆ. ಅದು ಉತ್ತರದ ದೂರದ ದೇಶಗಳಲ್ಲಿ ಕಾಣುವ ರೀತಿ. ನಾವಿರುವುದು 15 ಡಿಗ್ರಿ ಅಕ್ಷಾಂಶದಲ್ಲಿ. ಕಾರ್ತಿಕದ ಸಂಜೆಯಲ್ಲಿ ಬೆಳಕು ಕೆಳಗೆ ಬಲಕ್ಕೆ ವಾಲಿರುತ್ತದೆ. ಮಾಘ, ಫಾಲ್ಗುಣದ ಹೊತ್ತಿಗೆ ಚಂದ್ರ ಪೂರ್ತಿ ಮಲಗಿ, ಎರಡೂ ಕೊಂಬು ಮೇಲಕ್ಕೆ ಮಾಡಿರುತ್ತಾನೆ. ಬಲಕ್ಕಿದ್ದರೆ ಬೆಳೆಯುವ ಚಂದ್ರ, ಎಡಕ್ಕಿದ್ದರೆ ಕರಗುವ ಚಂದ್ರ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಎಲ್ಲ ಊರಿಗೂ ಹೊಂದುವ ಸೂತ್ರ ಇದು: ಬೆಳಗಿದ ಬದಿ ಸೂರ್ಯನ ಕಡೆಗೇ ಇರುತ್ತದೆ.

ಚಂದ್ರ ಒಂದೇ ಮುಖ ತೋರಿಸುತ್ತಾನೆ, ಹಾಗಾದರೆ ತಿರುಗುವುದಿಲ್ಲವಾ? ತಿರುಗುತ್ತಾನೆ. ಭೂಮಿಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ತನ್ನ ಸುತ್ತ ಒಂದು ಸಲ ತಿರುಗಿರುತ್ತಾನೆ. ಒಂದು ಕುರ್ಚಿಯನ್ನೇ ನೋಡುತ್ತ ಅದನ್ನು ಸುತ್ತು ಹಾಕಿ. ಕುರ್ಚಿಗೆ ನಿಮ್ಮ ಮುಖವೇ ಕಂಡಿದೆ, ನಿಮಗೆ ಕೋಣೆಯ ನಾಲ್ಕೂ ಗೋಡೆ ಕಂಡಿವೆ. ಆಚೆ ಬದಿಯನ್ನು ಮನುಷ್ಯರು ಮೊದಲು ನೋಡಿದ್ದು 1959ರಲ್ಲಿ, ಸೋವಿಯತ್ ಒಕ್ಕೂಟದ ಲೂನಾ 3 ತೆಗೆದ ಚಿತ್ರಗಳಲ್ಲಿ. ಆ ಬದಿಗೂ ಬಿಸಿಲು ಬೀಳುತ್ತದೆ. ಅಮಾಸಿ ದಿನ ಅಲ್ಲಿ ಪೂರ್ತಿ ಹಗಲು.

ಚಂದ್ರನ ಮೇಲೆ ಒಂದು ಜಾಗದಲ್ಲಿ ಹಗಲು ನಮ್ಮ ಹದಿನಾಲ್ಕು ದಿನಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ರಾತ್ರಿಯೂ ಅಷ್ಟೇ. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದದ್ದು ಆ ಜಾಗದಲ್ಲಿ ಬೆಳಗಾದ ಹೊಸತರಲ್ಲಿ. ಅವತ್ತು ಸಂಜೆ ನಮ್ಮ ಆಕಾಶದಲ್ಲಿ ಹೆಚ್ಚು ಕಡಿಮೆ ಅರ್ಧ ಚಂದ್ರ ಇದ್ದ. ಸೌರಫಲಕದಿಂದ ಕೆಲಸ ಮಾಡುವ ಅದನ್ನು ಸೆಪ್ಟೆಂಬರ್ ಮೊದಲಲ್ಲಿ, ಅಲ್ಲಿ ಕತ್ತಲಾಗುವ ಮುಂಚೆ ಮಲಗಿಸಿದರು. ಶುಕ್ಲ ಪಕ್ಷದ ಅರ್ಧ ಚಂದ್ರನಲ್ಲಿ ಬೆಳಕು ಮತ್ತು ಕತ್ತಲು ಸೇರುವ ಗೆರೆ ಕಾಣುತ್ತದಲ್ವಾ, ಆ ಗೆರೆಯ ಮೇಲೆ ಸೂರ್ಯೋದಯ ಆಗುತ್ತಿರುತ್ತದೆ. ಬೈನಾಕ್ಯುಲರ್ ಇದ್ದವರು ಕುಳಿಗಳನ್ನು ನೋಡಬೇಕಾದದ್ದು ಅಲ್ಲೇ, ನೆರಳು ಉದ್ದವಾಗಿರುವ ಕಡೆ. ಹುಣ್ಣಿಮೆಯಲ್ಲಿ ಎಲ್ಲ ಚಪ್ಪಟೆ ಕಾಣುತ್ತದೆ.

## ಹಂತ 8: ಗ್ರಹಣವನ್ನು ಬೇರೆ ಮಾಡಿ ಇಡಿ

ಗ್ರಹಣದಲ್ಲಿ ಮಾತ್ರ ನಿಜವಾಗಿ ನೆರಳಿನ ಕೆಲಸ. ಚಂದ್ರಗ್ರಹಣ ಹುಣ್ಣಿಮೆಗೇ, ಸೂರ್ಯಗ್ರಹಣ ಅಮಾಸಿಗೇ. ಹಾಗಾದರೆ ಪ್ರತಿ ಹುಣ್ಣಿಮೆಗೂ ಯಾಕಿಲ್ಲ?

ನಿಂಬೆ, ಕಾಳು ಮತ್ತೆ ತನ್ನಿ. ಚಂದ್ರ ಸುತ್ತುವ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ವಾರೆಯಾಗಿದೆ. 120 ಸೆಂ.ಮೀ. ದೂರದಲ್ಲಿ ಅದು ಸುಮಾರು 11 ಸೆಂ.ಮೀ. ಆಗುತ್ತದೆ. ಅಂದರೆ ಕಾಳು ಸುತ್ತು ಬರುವಾಗ ನಿಂಬೆಯ ಮಟ್ಟಕ್ಕಿಂತ 11 ಸೆಂ.ಮೀ. ಮೇಲೆ, 11 ಸೆಂ.ಮೀ. ಕೆಳಗೆ ಹೋಗಿ ಬರುತ್ತದೆ. ಅಷ್ಟು ದೂರದಲ್ಲಿ ನಿಂಬೆಯ ಗಾಢ ನೆರಳಿನ ಅಗಲ 3 ಸೆಂ.ಮೀ. ಅಷ್ಟೇ. ಹಾಗಾಗಿ ಬಹುತೇಕ ಹುಣ್ಣಿಮೆಗೆ ಕಾಳು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ದಾಟಿಹೋಗುತ್ತದೆ. ಕಾಳು ಮಟ್ಟಕ್ಕೆ ಬಂದ ಹೊತ್ತಿಗೇ ಹುಣ್ಣಿಮೆ ಕೂಡಿ ಬಂದರೆ ಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿ ಭಾರತದಲ್ಲೆಲ್ಲ ಖಗ್ರಾಸ ಗ್ರಹಣ ಬಿದ್ದದ್ದು ಹೀಗೇ.

ಗುರುತಿಸುವುದು ಸುಲಭ. ಕಲೆ ಬದಲಾಗಲು ದಿನಗಳು ಬೇಕು, ಗ್ರಹಣ ಕೆಲವೇ ಗಂಟೆಯಲ್ಲಿ ಹಿಡಿದು ಬಿಡುತ್ತದೆ. ಕಣ್ಣೆದುರೇ ಚಂದ್ರ ಸವೆಯುತ್ತಿದ್ದರೆ ಅದು ಗ್ರಹಣ.

## ಹಂತ 9: 27 ದಿನವೋ, 29 ದಿನವೋ

ಎರಡೂ ಸರಿ. ಚಂದ್ರ ಒಂದು ನಕ್ಷತ್ರದ ಪಕ್ಕದಿಂದ ಹೊರಟು ಮತ್ತೆ ಅದರ ಪಕ್ಕ ಬರಲು 27.3 ದಿನ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ಮುಂದೆ ಸಾಗಿರುತ್ತದೆ, ಬೆಳಕಿನ ದಿಕ್ಕು ಸರಿದಿರುತ್ತದೆ. ಅದನ್ನು ಸರಿಗಟ್ಟಲು ಚಂದ್ರನಿಗೆ ಇನ್ನೂ ಎರಡು ದಿನ ಬೇಕು. ಚಳಿಗಾಲದಲ್ಲಿ ಕೆಂಪಗೆ ಹೊಳೆಯುವ ರೋಹಿಣಿಯ ಹತ್ತಿರ ಚಂದ್ರ ಇದ್ದ ದಿನ ಗುರುತು ಹಾಕಿ, 27 ದಿನ ಬಿಟ್ಟು ನೋಡಿ. ರೋಹಿಣಿ ಹತ್ತಿರವೇ ಇರುತ್ತಾನೆ, ಆದರೆ ಕಳೆದ ಸಲದ ಕಲೆ ಇನ್ನೂ ಬಂದಿರುವುದಿಲ್ಲ.

ಹನ್ನೆರಡು ಚಂದ್ರಮಾನ ತಿಂಗಳಿಗೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಕಡಿಮೆ ಬೀಳುವುದರಿಂದ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ.

## ಗೊತ್ತಾಗಿದೆಯೋ ಇಲ್ಲವೋ, ಹೀಗೆ ನೋಡಿಕೊಳ್ಳಿ

ನಾಲ್ಕು ಪ್ರಶ್ನೆ. ಪುಸ್ತಕ ಮುಚ್ಚಿ, ಬೇಕಿದ್ದರೆ ಚೆಂಡು ಹಿಡಿದುಕೊಂಡು ಉತ್ತರಿಸಿ.

1. ಕಥೆಯೊಂದರಲ್ಲಿ ನಡುರಾತ್ರಿ ನೆತ್ತಿಯ ಮೇಲೆ ಗೆರೆಯಷ್ಟು ಚಂದ್ರ ಇದ್ದಾನೆ. ಸಾಧ್ಯವಾ? ಇಲ್ಲ. ಗೆರೆ ಚಂದ್ರ ಸೂರ್ಯನ ಹತ್ತಿರವೇ ಇರುತ್ತಾನೆ, ನಡುರಾತ್ರಿ ಸೂರ್ಯ ಕಾಲ ಕೆಳಗೆ.

2. ಬೆಳಗ್ಗೆ ಒಂಬತ್ತಕ್ಕೆ ಪಶ್ಚಿಮದಲ್ಲಿ ಅರ್ಧ ಚಂದ್ರ ಕಂಡ. ಯಾವ ಪಕ್ಷ? ಕೃಷ್ಣ ಪಕ್ಷ, ಅಷ್ಟಮಿ ಆಸುಪಾಸು.

3. ಮೋಡ ಇಲ್ಲದ ತದಿಗೆ ಸಂಜೆ, ಗೆರೆಯ ಪಕ್ಕದ ಕತ್ತಲೆ ಭಾಗವೂ ಮಸುಕಾಗಿ ಕಾಣುತ್ತದೆ. ಆ ಬೆಳಕು ಎಲ್ಲಿಯದು? ಭೂಮಿಯದು. ಭೂಮಿಯ ಮೇಲೆ ಬಿದ್ದ ಬಿಸಿಲು ಚದುರಿ ಚಂದ್ರನಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬಂದಿದೆ.

4. ನಮಗೆ ಅಮಾಸಿ ಇದ್ದಾಗ ಚಂದ್ರನ ಈಚೆ ಬದಿಯಲ್ಲಿ ನಿಂತವರಿಗೆ ಭೂಮಿ ಹೇಗೆ ಕಾಣುತ್ತದೆ? ಪೂರ್ತಿ ಬೆಳಗಿದ ಭೂಮಿ.

ಮೊದಲ ಎರಡು ತಪ್ಪಿದರೆ ಆರನೇ ಹಂತಕ್ಕೆ ಹೋಗಿ, ಒಂದು ವಾರ ಸಮಯ ಬರೆದುಕೊಳ್ಳಿ. ಕೊನೆಯ ಎರಡು ತಪ್ಪಿದರೆ ಬಲ್ಬ್ ಹಚ್ಚಿ, ಈ ಸಲ ಚೆಂಡಿನ ಜಾಗದಲ್ಲಿ ನೀವೇ ನಿಂತು ನಿಮ್ಮ ಗೆಳೆಯರ ಮುಖದ ಮೇಲೆ ಎಷ್ಟು ಬೆಳಕು ಬಿದ್ದಿದೆ ನೋಡಿ.